ಗೊಬ್ಬರದ ಗಾಡಿಯ ತಗಡು

ಬಟ್ಟೆಮಲ್ಲಪ್ಪದ ಸುತ್ತಿನ ನಾಲ್ಕು ಊರಿನಲ್ಲಿ ಕಾಂತರಾಜನನ್ನು ಯಾರೂ ಪುಕ್ಕಲ ಎನ್ನುವುದಿಲ್ಲ. ಕೊಟ್ಟಿಗೆಯ ಮಾಡಿನಲ್ಲಿ ಕಾಳಿಂಗ ಸರ್ಪ ಸೇರಿಕೊಂಡ ದಿನ ಊರಿಗೆ ಊರೇ ಅಂಗಳದಾಚೆ ನಿಂತು ಬಾಯಿ ಬಿಡುತ್ತಿದ್ದಾಗ, ಅದರ ಕೆಳಗೇ ನುಗ್ಗಿ ಹಸುಗಳ ಕಣ್ಣಿ ಬಿಚ್ಚಿ ಹೊರಗೆ ಹೊಡೆದವನು ಅವನು. ಅಂಥ ಮನುಷ್ಯ ಹಳೆಯದೊಂದು ಗೊಬ್ಬರದ ಗಾಡಿಯೆದುರು ಅರ್ಧ ಕಣ್ಣು ಮುಚ್ಚಿ ನಿಂತಿದ್ದ ಎಂದರೆ ನಗು ಬರುತ್ತದೆ. ನಗುವವರು ನಗಲಿ. ಹೆದರಿಕೆ ಹುಟ್ಟುವುದಕ್ಕೆ ಎದುರಿಗೆ ಹಾವೇ ಇರಬೇಕೆಂದಿಲ್ಲ.

ಆ ಗಾಡಿಯನ್ನು ಅವನು ಕೊಂಡದ್ದು ಅವ್ವನ ತಲೆಯ ಮೇಲಿನ ಬುಟ್ಟಿ ಇಳಿಸಲಿಕ್ಕೆ. ಅವ್ವ ಹುಲಿಯಮ್ಮನಿಗೆ ಅರವತ್ತೆಂಟು. ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ಗುಂಡಿಯ ಗೊಬ್ಬರ ಹೊಲ ಸೇರಿದ್ದು ಅವಳ ತಲೆಯ ಮೇಲೆಯೇ. ಬುಟ್ಟಿಯಡಿ ಇಡುವ ಸಿಂಬೆಯ ಅಗಲಕ್ಕೆ ನಡುನೆತ್ತಿ ಬೋಳಾಗಿತ್ತು. ದಾರಿಯಲ್ಲಿ ಒಂದು ಹಿಡಿ ಗೊಬ್ಬರ ಬಿದ್ದರೂ ಬುಟ್ಟಿ ಹೊತ್ತುಕೊಂಡೇ ಕುಕ್ಕರಗಾಲಲ್ಲಿ ಕೂತು, ಬಾಚಿ, ಮೇಲೆ ಹಾಕಿಕೊಳ್ಳದೆ ಮುಂದೆ ಹೋದವಳಲ್ಲ.

ಎರಡು ವರ್ಷದ ಹಿಂದೆ ಕಾಂತರಾಜನ ಸೊಂಟ ಕೈಕೊಟ್ಟಿತು. ಭಾರ ಎತ್ತಿದರೆ ಮತ್ತೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಬೈದು ಕಳಿಸಿದರು. ಆಳುಗಳನ್ನು ಕರೆದರೆ, "ಬೇರೆ ಎಂತ ಕೆಲ್ಸ ಆದ್ರೂ ಹೇಳಣ್ಣ, ಸಗಣಿ ಬುಟ್ಟಿ ಒಂದು ಬೇಡ" ಎನ್ನುತ್ತಿದ್ದರು. ಹೀಗಾಗಿ ಶುಂಠಿ ಹಾಕುವ ಹೊಲದ ತುಂಬ ಗೊಬ್ಬರ ಹರಡುವ ಕೆಲಸ ಅವ್ವ ಮತ್ತು ಹೆಂಡತಿ ಶ್ರಾವ್ಯಾಳ ಪಾಲಿಗೆ ಬಿತ್ತು. ಮಿನಿ ಟ್ರ್ಯಾಕ್ಟರ್ ಓಡಿಸುವವಳೂ ಶ್ರಾವ್ಯಾಳೇ. ಕಾಂತರಾಜ್ ಬೇಲಿಯ ಪಕ್ಕ ನಿಂತು, ಅವ್ವ ಬುಟ್ಟಿ ಹೊತ್ತು ಏರಿ ಹತ್ತುವುದನ್ನು ನೋಡಬೇಕಿತ್ತು. ಅದನ್ನು ನೋಡುವುದಕ್ಕಿಂತ ಸೊಂಟದ ನೋವೇ ವಾಸಿ ಅನಿಸುತ್ತಿತ್ತು.

ಆಗ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಆನಂದಪುರದ ಹತ್ತಿರ ಗೊಬ್ಬರ ಎರಚುವ ಸಣ್ಣ ಗಾಡಿ ಮಾರಾಟಕ್ಕಿದೆ, ಮಿನಿ ಟ್ರ್ಯಾಕ್ಟರಿಗೆ ಆಗುತ್ತದೆ. ಪೆಟ್ಟಿಗೆಯಂಥ ಗಾಡಿ. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿ ತಿರುಗಿಸಿದರೆ ತಳದ ಪಟ್ಟಿಗಳು ಗೊಬ್ಬರವನ್ನು ಹಿಂದಕ್ಕೆ ಎಳೆಯುತ್ತವೆ. ಹಿಂದಿರುವ ಮುಳ್ಳಿನ ಉರುಳೆಗಳು ಅದನ್ನು ಪುಡಿ ಮಾಡಿ ಹೊಲಕ್ಕೆ ಎರಚುತ್ತವೆ. ಬುಟ್ಟಿ ಬೇಡ, ಸಿಂಬೆ ಬೇಡ. ಕಾಂತರಾಜ್ ಆ ಫೋಟೋವನ್ನು ಮೂರು ದಿನ ನೋಡಿದ. ನಾಲ್ಕನೇ ದಿನ ಊರ ತಿರುವಿನಲ್ಲಿ ವರ್ಕ್‌ಶಾಪ್ ಇಟ್ಟಿರುವ ನಟರಾಜನನ್ನು ಕರೆದುಕೊಂಡು ಹೊರಟ.

ಮಾರುವವಳು ವರದಮ್ಮ ಎಂಬ ಹೆಂಗಸು. ಗಂಡ ಹೋದ ವರ್ಷ ಎದೆನೋವಿನಿಂದ ತೀರಿಕೊಂಡಿದ್ದ. ಗಾಡಿ ಹಲಸಿನ ಮರದಡಿ, ಮೈತುಂಬ ಒಣಸಗಣಿ ಮೆತ್ತಿಕೊಂಡು ನಿಂತಿತ್ತು. ನಟರಾಜ್ ಸುತ್ತಲೂ ತಟ್ಟಿ ನೋಡಿ, "ಕಬ್ಬಿಣಕ್ಕಿಂತ ಸಗಣೀನೇ ಜಾಸ್ತಿ ಇದೆ ಕಾಂತಣ್ಣ. ಆದ್ರೆ ಒಳಗೆ ಜೀವ ಇದೆ. ಎಬ್ಬಿಸಬಹುದು" ಎಂದ.

"ತಗೊಂಡ್ಹೋಗಿ ತಮ್ಮಾ," ಎಂದಳು ವರದಮ್ಮ. "ಅದನ್ನ ಕಂಡಾಗೆಲ್ಲ ನಮ್ಮನೆಯವರೇ ಕಂಡಂಗಾಗುತ್ತೆ."

ಚೌಕಾಸಿಗೆ ಜಾಗವೇ ಇರಲಿಲ್ಲ, ಅವಳು ಅಷ್ಟು ಕಡಿಮೆಗೆ ಕೊಟ್ಟಳು. ತೀರ ಅಗ್ಗಕ್ಕೆ ಸಿಕ್ಕಿದ್ದರ ಬಗ್ಗೆ ಮನುಷ್ಯನಿಗೆ ಒಂದು ಸಂಶಯ ಇದ್ದೇ ಇರುತ್ತದೆ. ಕಾಂತರಾಜನಿಗೂ ಇತ್ತು, ಆದರೆ ಅವನು ಅದನ್ನು ಆ ಹೊತ್ತಿಗೆ ನುಂಗಿಕೊಂಡ.

ಮನೆಯಂಗಳದಲ್ಲಿ ನಾಲ್ಕು ದಿನ ರಿಪೇರಿ ನಡೆಯಿತು. ತಳದ ಹಲಗೆ ಕೊಳೆತು ಕೈಯಲ್ಲೇ ಪುಡಿಯಾಗುತ್ತಿತ್ತು. ಅದನ್ನು ಕಿತ್ತು ಹೊಸದು ಹಾಕಿದರು. ಹಿಂದಿನ ಉರುಳೆಯ ಬೇರಿಂಗ್ ಹಿಡಿದುಕೊಂಡಿತ್ತು. ನಟರಾಜ್ ಸೀಮೆಎಣ್ಣೆ ಬಿಟ್ಟು, ಕಾಯಿಸಿ, ಬಡಿದು, ಕೊನೆಗೆ ಅದರ ಅಪ್ಪ ಅಮ್ಮನನ್ನೆಲ್ಲ ನೆನೆಸಿಕೊಂಡ ಮೇಲೆ ಹೊರಬಂತು. ಬಗ್ಗಿದ ಮುಳ್ಳುಗಳನ್ನು ನೆಟ್ಟಗೆ ಮಾಡಿದ. ಬಲಮಗ್ಗುಲಿನ ಚೈನಿಗೆ ಕೆಳಗಿನಿಂದ ಕೈ ಹಾಕಿ ಎಣ್ಣೆ ಬಿಟ್ಟ. ಹುಲಿಯಮ್ಮ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ, "ನಾನು ಐವತ್ತು ವರ್ಷ ಓಡಿದೀನಿ, ನಂಗೆ ಒಂದು ಹನಿ ಎಣ್ಣೆ ಯಾರೂ ಬಿಡ್ಲಿಲ್ಲ" ಎಂದು ಚುಚ್ಚಿದಳು. ಎಲ್ಲರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿದ್ದು ಅದೇ ಕೊನೆ, ಆಮೇಲೆ ಬಹಳ ದಿನ ಕೇಳಲಿಲ್ಲ.

ಕೆಲಸ ಮುಗಿಸಿ ನಟರಾಜ್ ಹೋದ ಮೇಲೆ ಕಾಂತರಾಜ್ ಪೈಪು ಹಿಡಿದು ಗಾಡಿ ತೊಳೆಯತೊಡಗಿದ. ಬಲಮಗ್ಗುಲಿನ ಸಗಣಿ ಹೆಂಟೆ ಹೆಂಟೆಯಾಗಿ ಕಳಚಿತು. ಅದರಡಿಯಿಂದ ಹಳದಿ ಬಣ್ಣದ ಒಂದು ತಗಡು ಕಂಡಿತು. ಮೇಲೆ ಕೆಂಪು ಅಕ್ಷರ. ಅಂಗೈಯಿಂದ ಉಜ್ಜಿ ಓದಿದ: 'ಈ ಆಸ್ತಿಗೆ ಸಿಗಂದೂರು ಅಮ್ಮನವರ ಕಾವಲಿದೆ.'

ಅವನ ಕೈಯಿಂದ ಪೈಪು ಬಿತ್ತು.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಆ ಬೋರ್ಡಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ತೋಟದ ಬೇಲಿಗೆ, ಪಂಪ್‌ಸೆಟ್ಟಿನ ಗೂಡಿಗೆ, ಖಾಲಿ ಸೈಟಿಗೆ ಜನ ಅದನ್ನು ಹೊಡೆದಿರುತ್ತಾರೆ. ಪೊಲೀಸಿಗೂ ಕ್ಯಾಮೆರಾಕ್ಕೂ ಹೆದರದ ಕಳ್ಳ ಆ ಹಳದಿ ತಗಡು ಕಂಡರೆ ಚಪ್ಪಲಿ ಕೈಯಲ್ಲಿ ಹಿಡಿದು ವಾಪಸು ಹೋಗುತ್ತಾನೆ. ಹಾಗೆ ದೇವಿಯ ಕಾವಲಿಗೆ ಒಪ್ಪಿಸಿದ ವಸ್ತುವನ್ನು, ಒಪ್ಪಿಸಿದವರೇ ಅಮ್ಮನಿಗೆ ಹೇಳಿ ಬಿಡಿಸಿಕೊಳ್ಳದೆ, ಇನ್ನೊಬ್ಬರು ಮುಟ್ಟಬಾರದು ಎಂಬುದು ನಂಬಿಕೆ. ಮುಟ್ಟಿದವರ ಕತೆಗಳು ಮನೆಗೊಂದು ಇವೆ. ಹೊಸನಗರದ ಕಡೆ ಒಬ್ಬ ಕಾವಲಿದ್ದ ತೋಟದ ತೆಂಗಿನಕಾಯಿ ಕಿತ್ತು ಮೂರು ದಿನಕ್ಕೆ ಬಾಯಿ ಸೊಟ್ಟಗಾಗಿ ಬಿದ್ದನಂತೆ. ಅವನಿಗೆ ಹತ್ತು ವರ್ಷದಿಂದ ಬಿಪಿ ಇತ್ತು ಎಂಬುದನ್ನು ಮಾತ್ರ ಆ ಕತೆ ಹೇಳುವವರು ಯಾರೂ ಹೇಳುವುದಿಲ್ಲ.

ಕಾಂತರಾಜ್ ವರದಮ್ಮನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಸಂಜೆಯೊಳಗೆ ಹನ್ನೊಂದು ಸಲ ಮಾಡಿದ. ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟಳು? ಗಂಡ ಯಾಕೆ ಸತ್ತ? ನುಂಗಿಕೊಂಡ ಸಂಶಯವೆಲ್ಲ ಹೊಟ್ಟೆಯೊಳಗೆ ಎದ್ದು ಕೂತಿತು.

"ಅವ್ವಾ, ಕಾವಲು ಬಿಡಿಸದೆ ತಂದ್ಬಿಟ್ಟಿದೀವಿ," ಎಂದ, ಸಣ್ಣ ದನಿಯಲ್ಲಿ.

ಹುಲಿಯಮ್ಮ ಬಂದು ತಗಡನ್ನು ನೋಡಿದಳು. "ಅಮ್ಮ ಸಗಣಿ ಗಾಡಿ ಕಾಯ್ಕೊಂಡು ಕೂತಿರ್ತಾಳಾ? ಅವ್ಳಿಗೆ ಬೇರೆ ಕೆಲ್ಸ ಇಲ್ವಾ?" ಎಂದಳು. "ಹೋಗಾ, ಕೈ ತೊಳ್ಕೊಂಡು ಊಟಕ್ಕೆ ಬಾ."

ಅವಳಿಗೇನೋ ಹೇಳುವುದು ಸುಲಭ. ಕಾಂತರಾಜನಿಗೆ ಅನ್ನ ಇಳಿಯಲಿಲ್ಲ. ಮಾರನೇ ಬೆಳಿಗ್ಗೆ ಕಂದು ಹಸು ಹಾಲು ಇಳಿಸಲಿಲ್ಲ, ಇದು ಅಮ್ಮನದೇ ಕೆಲಸ ಎಂದುಕೊಂಡ. ಮಧ್ಯಾಹ್ನ ಶ್ರಾವ್ಯಾ ಹಲಸಿನಕಾಯಿ ಹೆಚ್ಚುವಾಗ ಹೆಬ್ಬೆರಳು ಕೊಯ್ದುಕೊಂಡಳು, ಅದೂ ಅಮ್ಮನದೇ. ಹೆಬ್ಬೆರಳಿನ ರಕ್ತ ಮೆಟ್ಟುಕತ್ತಿಯ ಮೇಲಿಂದ ನೆಲಕ್ಕೆ ಇಳಿಯುವುದನ್ನು ನೋಡಿ ಅವನ ಕಿವಿ ಗುಂಯ್ ಎಂದಿತು. ಇದು ಮುನ್ಸೂಚನೆ, ಇನ್ನೂ ದೊಡ್ಡದು ಬರಲಿಕ್ಕಿದೆ, ಅದು ತನ್ನ ಮೇಲೆ ಬಂದರೆ ಬರಲಿ, ಈ ಇಬ್ಬರು ಹೆಂಗಸರ ಮೇಲೆ ಬರಬಾರದು ಎಂದು ಅವನು ಕೊಟ್ಟಿಗೆಯ ಕಂಬ ಹಿಡಿದು ನಿಂತು ಬೇಡಿಕೊಂಡ.

ಶ್ರಾವ್ಯಾ ತೀರ್ಥಹಳ್ಳಿ ಕಡೆಯವಳು, ಮಾತು ಕಡಿಮೆ. ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತ, "ನಿಮ್ಗೆ ಅಷ್ಟು ಹೆದ್ರಿಕೆ ಆದ್ರೆ ಹೋಗಿ ಒಪ್ಪಿಸಿ ಬನ್ನಿ. ಹೀಗೆ ಕಂಬ ಹಿಡ್ಕೊಂಡು ನಿಂತ್ರೆ ಎಂತ ಆಗುತ್ತೆ?" ಎಂದಳು.

ಅದು ಅವನಿಗೆ ದಾರಿಯಾಗಿ ಕಂಡಿತು. ವರದಮ್ಮ ಸಿಗದಿದ್ದರೆ ಬೇಡ, ತಾನೇ ತಗಡು ಬಿಚ್ಚಿ, ಒಯ್ದು, ಅಮ್ಮನ ಕಾಲಿಗೆ ಹಾಕಿ ತಪ್ಪಾಯಿತು ಎನ್ನುವುದು.

ಮರುದಿನ ಬೆಳಿಗ್ಗೆ ಮಿಂದು, ಒದ್ದೆ ಪಂಚೆಯಲ್ಲಿ, ಚಪ್ಪಲಿ ಬಿಟ್ಟು ಗಾಡಿಯ ಹತ್ತಿರ ಹೋದ. ಊದುಬತ್ತಿ ಹಚ್ಚಿದ. ನಾಲ್ಕು ಬೋಲ್ಟು, ನಾಲ್ಕೂ ತುಕ್ಕು ಹಿಡಿದಿದ್ದವು. ಸ್ಪ್ಯಾನರ್ ಹಾಕಿ ತಿರುಗಿಸುವಾಗ ಅವನು ಅಕ್ಷರಗಳನ್ನು ನೋಡುವ ಧೈರ್ಯವಿಲ್ಲದೆ ಅರ್ಧ ಕಣ್ಣು ಮುಚ್ಚಿಕೊಂಡಿದ್ದ. ತಗಡು ಕೈಗೆ ಬಂತು. ಅದರ ಹಿಂದೆ ಹಲ್ಲಿನ ಚಕ್ರವೂ ಅದರ ಮೇಲೆ ಹಾದುಹೋದ ಚೈನೂ ನಟರಾಜ್ ಬಿಟ್ಟ ಹೊಸ ಎಣ್ಣೆಯಲ್ಲಿ ಹೊಳೆಯುತ್ತಿದ್ದವು. ಅವನ ಕಣ್ಣು ಅದನ್ನು ಕಂಡಿತು. ಮನಸ್ಸು ಕಾಣಲಿಲ್ಲ, ಅದು ಆಗಲೇ ಸಿಗಂದೂರಿನ ದಾರಿ ಹಿಡಿದಿತ್ತು. ತಗಡನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಎರಡು ತೆಂಗಿನಕಾಯಿ ಜೊತೆಗಿಟ್ಟು, ಬೈಕಿನ ಮುಂದೆ ಕಟ್ಟಿಕೊಂಡ.

"ನಾನು ಹೇಳೋವರೆಗೆ ಗಾಡಿ ಮುಟ್ಬೇಡಿ," ಎಂದು ಎರಡೆರಡು ಸಲ ಹೇಳಿ ಹೊರಟ.

ಸಾಗರ ದಾಟಿ, ಹಿನ್ನೀರಿನ ಹೊಸ ಸೇತುವೆ ದಾಟಿ, ದೇವಸ್ಥಾನ ಮುಟ್ಟುವ ತನಕ ಹಿಂದಿನಿಂದ ಯಾರೋ ಭುಜ ಹಿಡಿದಂತೆ ಅವನ ಬೆನ್ನು ಬಿಗಿದೇ ಇತ್ತು. ಅಲ್ಲಿ ಹಿರಿಯರೊಬ್ಬರು ಗಂಟು ಬಿಚ್ಚಿ ನೋಡಿ, "ತುಂಬ ಹಳೇದು" ಎಂದರು. ತಗಡನ್ನು ಒಳಗೆ ಇಟ್ಟು ಬಂದು ಕುಂಕುಮ ಕೊಟ್ಟರು. ಕಾಂತರಾಜ್ ನೆಲಕ್ಕೆ ಹಣೆ ಹಚ್ಚಿ ಎದ್ದಾಗ ಕಣ್ಣಲ್ಲಿ ನೀರಿತ್ತು. ಎರಡು ದಿನದ ಮೇಲೆ ಅವನಿಗೆ ಹಸಿವಾಯಿತು. ಹೊರಗೆ ಬಂದು ಮೊದಲು ಮನೆಗೆ ಫೋನ್ ಮಾಡಿದ.

"ಆಯ್ತು ಕಣೆ. ಕಾವಲು ಇಳೀತು. ಇನ್ನು ಹೆದ್ರಿಕೆ ಇಲ್ಲ."

"ಹಾಗಾದ್ರೆ ಗಾಡಿ ಮುಟ್ಬಹುದಾ?" ಎಂದಳು ಶ್ರಾವ್ಯಾ.

"ಧೈರ್ಯವಾಗಿ ಮುಟ್ಟು!"

ಹಿಂದಿನಿಂದ ಅವ್ವನ ದನಿ ಕೇಳಿತು. "ಅವ್ನು ಬರೋದ್ರೊಳಗೆ ಅರ್ಧ ಹೊಲಕ್ಕೆ ಎರಚಿಟ್ಟಿರ್ತೀವಿ ಅನ್ನು!"

ಪ್ರಸಾದದ ಊಟ ಮಾಡಿ, ತಣ್ಣಗೆ ಕೂತು ಎಲೆ ಹಾಕಿಕೊಂಡು ಅವನು ಹೊರಟ. ಸೇತುವೆ ಮುಗಿದು ಈಚೆ ದಡಕ್ಕೆ ಬರುವಾಗ ಜೇಬಿನಲ್ಲಿ ಫೋನು ನಡುಗಿತು. ವರದಮ್ಮ.

"ಇಷ್ಟೊಂದು ಸಲ ಫೋನ್ ಮಾಡಿದೀಯಲ್ಲ ತಮ್ಮಾ, ಮಗಳ ಬಾಣಂತನಕ್ಕೆ ಹೋಗಿದ್ದೆ, ಫೋನು ಮನೇಲೇ ಉಳಿದೋಯ್ತು. ಎಂತ ಆಯ್ತು?"

"ಎಂತ ಇಲ್ಲ ವರದಕ್ಕ, ಗಾಡೀಲಿ ಅಮ್ಮನ ಬೋರ್ಡಿತ್ತಲ್ಲ..."

"ಓ, ಅದಾ! ಅದು ಗಾಡೀದಲ್ಲ ಮಾರಾಯ. ನಮ್ಮ ಬೇಲೀದು. ಹೊಸಾದು ಹಾಕ್ದಾಗ ಹಳೇದನ್ನ ಬಿಸಾಡೋ ಹಾಗಿಲ್ವಲ್ಲ, ಮನೇಲಿತ್ತು. ಚೈನಿನ ಮುಚ್ಚಳ ಒಡೆದು ನಮ್ಮನೆಯವ್ರ ಎರಡು ಬೆರಳು ಹೋದ್ವು ನೋಡು, ಆಮೇಲೆ ಗಟ್ಟಿ ತಗಡು ಅಂತ ಅವ್ರೇ ಅದನ್ನ ಅಲ್ಲಿ ಹೊಡೆದ್ರು. ನಿಂಗೆ ಹೇಳ್ಬೇಕು ಅಂತಿದ್ದೆ, ಮರ್ತೇ ಹೋಯ್ತು. ಅದೊಂದನ್ನ ಮಾತ್ರ ತೆಗೀಬೇಡ ಮತ್ತೆ."

ಅವಳು ಇನ್ನೂ ಏನೋ ಹೇಳುತ್ತಿದ್ದಳು. ಕಾಂತರಾಜ್ ಫೋನು ಕತ್ತರಿಸಿ ಶ್ರಾವ್ಯಾಳಿಗೆ ಮಾಡಿದ. ರಿಂಗಾಯಿತು. ಆಗುತ್ತಲೇ ಇತ್ತು. ಮತ್ತೆ ಮಾಡಿದ. ಬೆಳಿಗ್ಗೆ ಕಂಡ ಹಲ್ಲಿನ ಚಕ್ರ ಈಗ ಮನಸ್ಸಿಗೆ ಕಂಡಿತು. ಒಂದೊಂದು ಹಲ್ಲೂ, ಹಲ್ಲಿನ ತುದಿಯ ಎಣ್ಣೆಯೂ ಕಂಡಿತು. ಎರಡು ದಿನ ಅವನು ಹೆದರಿದ್ದೆಲ್ಲ ಹೆದರಿಕೆಯೇ ಅಲ್ಲ. ಆ ಹೆದರಿಕೆಗೆ ಕೈಮುಗಿದು ನಿಲ್ಲಲು ಒಂದು ಜಾಗವಿತ್ತು. ಇದಕ್ಕೆ ಯಾರಿಗೆ ಕೈಮುಗಿಯುವುದು?

ಬೈಕು ಓಡಿಸಿದ್ದು ಅವನಿಗೆ ನೆನಪಿಲ್ಲ. ತಿರುವಿಗೊಮ್ಮೆ ನಿಲ್ಲಿಸಿ ಫೋನ್ ಮಾಡುವುದು, ಎತ್ತದಿದ್ದರೆ ಮತ್ತೆ ಓಡಿಸುವುದು. ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳಿಸುತ್ತಿರಲಿಕ್ಕಿಲ್ಲ ಎಂದು ಒಂದು ಸಲ ಸಮಾಧಾನ ಮಾಡಿಕೊಂಡ. ಟ್ರ್ಯಾಕ್ಟರ್ ಓಡುತ್ತಿದೆ ಎಂದಾದರೆ ಚೈನೂ ಓಡುತ್ತಿದೆ ಎಂದು ಮರುಕ್ಷಣ ಹೊಳೆಯಿತು. ಸಾಗರ ಇನ್ನೂ ಐದಾರು ಮೈಲಿ ಇರುವಾಗ ಯಾರೋ ಎತ್ತಿದರು. ಶ್ರಾವ್ಯಾ ಅಲ್ಲ, ನಟರಾಜ್.

"ಕಾಂತಣ್ಣಾ, ಚೈನಿಗೆ ಕೈ ಸಿಕ್ಕಿಬಿಡ್ತು. ನನ್ನ ಓಮ್ನಿಯಲ್ಲೇ ಹೊರಟಿದೀವಿ. ನೀನು ಸಾಗರದ ಆಸ್ಪತ್ರೆ ಹತ್ರ ನಿಂತ್ಕೊ."

"ಯಾರ ಕೈ?" ಎಂದು ಅವನು ಕೇಳುವಷ್ಟರಲ್ಲಿ ಲೈನು ಹೋಗಿತ್ತು.

ಶ್ರಾವ್ಯಾಳ ಫೋನು ಬೇರೆಯವರ ಕೈಯಲ್ಲಿದೆ ಎಂದ ಮೇಲೆ ಇನ್ನಾರ ಕೈ. ಟ್ರ್ಯಾಕ್ಟರ್ ಮುಟ್ಟುವವಳು ಅವಳೊಬ್ಬಳೇ. ಧೈರ್ಯವಾಗಿ ಮುಟ್ಟು ಎಂದವನು ತಾನು. ಆಸ್ಪತ್ರೆಯ ಗೇಟಿನಲ್ಲಿ ಅವನು ಮುಕ್ಕಾಲು ಗಂಟೆ ನಿಂತ. ಪಕ್ಕದಲ್ಲಿ ಒಬ್ಬ ಶೇಂಗಾ ಹುರಿಯುತ್ತಿದ್ದ. ಜಾಲರಿ ಬಾಣಲೆಗೆ ತಾಗಿ ಕರಕರ ಎಂದಾಗೆಲ್ಲ ಕಾಂತರಾಜ್ ಬೆಚ್ಚಿಬೀಳುತ್ತಿದ್ದ. ಬಟ್ಟೆ ಸುತ್ತಿದ ಆ ಹೆಬ್ಬೆರಳು ಇದೆಯೋ ಇಲ್ಲವೋ ಎಂದು ಯೋಚಿಸಿ ಯೋಚಿಸಿ ಅವನು ಕೊನೆಗೆ ಕಟ್ಟೆಯ ಮೇಲೆ ಕೂತ.

ಓಮ್ನಿ ಬಂತು. ಬಾಗಿಲು ಸರಿಯಿತು. ಮೊದಲು ಇಳಿದವಳು ಶ್ರಾವ್ಯಾ. ಮೈಮೇಲೆ ರಕ್ತ. ಆದರೆ ಎರಡೂ ಕೈ ಇದ್ದವು, ಹತ್ತೂ ಬೆರಳಿದ್ದವು. ಅವನು ನಿಜವಾಗಿಯೂ ಎಣಿಸಿದ.

"ಸದ್ಯ," ಎಂದ.

ಆಗ ನಟರಾಜ್ ಹಿಂದಿನ ಸೀಟಿನಿಂದ ಅವ್ವನನ್ನು ಎತ್ತಿಕೊಂಡು ಇಳಿದ. ಅವಳ ಬಲಗೈಗೆ ಟವೆಲು, ಅದರ ಮೇಲೆ ಸೆರಗು, ಅದರ ಮೇಲೆ ಶ್ರಾವ್ಯಾಳ ದುಪಟ್ಟಾ ಸುತ್ತಿದ್ದರು. ಮೂರೂ ನೆನೆದಿದ್ದವು. ಅವನು 'ಸದ್ಯ' ಎಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಕೇಳಿಸಿಕೊಂಡ.

ನಡೆದದ್ದು ಇಷ್ಟು. ಗಾಡಿ ಚೆನ್ನಾಗಿಯೇ ಓಡಿತ್ತು. ಎರಡು ಸಾಲು ಎರಚಿದ್ದೂ ಆಗಿತ್ತು. ಅವ್ವ ಮಗುವಿನ ಹಾಗೆ ಹಿಂದೆ ಹಿಂದೆ ನಡೆದು ನೋಡುತ್ತಿದ್ದಳು. ಮೂರನೆಯ ಸಾಲಿಗೆ ತಿರುಗಿಸಲು ಶ್ರಾವ್ಯಾ ಗಾಡಿ ನಿಲ್ಲಿಸಿದಾಗ ಬಲಮಗ್ಗುಲಿನಿಂದ ಒಂದು ಹೆಂಟೆ ಗೊಬ್ಬರ ಜಾರಿ ಚೈನಿನ ಪಕ್ಕದ ಪಟ್ಟಿಯ ಮೇಲೆ ಕೂತಿತು. ಗಾಡಿ ನಿಂತಿತ್ತು, ಚೈನು ನಿಂತಿರಲಿಲ್ಲ. ಬಿದ್ದ ಗೊಬ್ಬರ ಬಿಟ್ಟು ಗೊತ್ತಿಲ್ಲದ ಕೈ ಅದನ್ನು ಬಾಚಲು ಹೋಯಿತು.

ಮೂರು ಬೆರಳು ಹೋದವು. ಉಳಿದೆರಡನ್ನು ಡಾಕ್ಟರು ಉಳಿಸಿದರು.

ಮರುದಿನ ನೋಡಲು ಬಂದವರೆಲ್ಲ ಒಂದೇ ಮಾತಾಡಿದರು. ಬೋರ್ಡು ವಾಪಸು ಒಪ್ಪಿಸಿದ್ದಕ್ಕೆ ಬೆರಳಲ್ಲಿ ಹೋಯಿತು, ಇಲ್ಲದಿದ್ದರೆ ಜೀವವೇ ಹೋಗುತ್ತಿತ್ತು, ಕಾಂತರಾಜ್ ಹೊತ್ತಿಗೆ ಸರಿಯಾಗಿ ಬುದ್ಧಿ ಉಪಯೋಗಿಸಿದ. ಒಬ್ಬರು ಅವನ ಬೆನ್ನು ಕೂಡ ತಟ್ಟಿದರು. ಈಗಿನ ಅವನ ಹೆದರಿಕೆ ಅವ್ವನ ಮುಖದ ಹೆದರಿಕೆ. ಅವಳು ಒಂದು ಸಲ ತನ್ನತ್ತ ತಿರುಗಿ, ಚೈನು ಯಾಕೆ ತೆರೆದಿತ್ತು ಎಂದು ಕೇಳಿದರೆ ಎಂಬ ಹೆದರಿಕೆ. ಅವಳು ಕೇಳಲಿಲ್ಲ.

ಮಧ್ಯಾಹ್ನ ಬಂದವರೆಲ್ಲ ಹೋಗಿ, ಶ್ರಾವ್ಯಾ ಔಷಧಿ ತರಲು ಕೆಳಗಿಳಿದಾಗ ಅವನಿಗೆ ತಡೆಯಲಾಗಲಿಲ್ಲ.

"ಅವ್ವಾ, ಇದು ಅಮ್ಮ ಮಾಡಿದ್ದಲ್ಲ. ಆ ತಗಡು ಚೈನಿನ ಮುಚ್ಚಳ ಆಗಿತ್ತು. ನಾನೇ ಬಿಚ್ಚಿದ್ದು. ಬಿಚ್ಚಿದ ಜಾಗಕ್ಕೆ ಒಂದು ಹಲಗೆ ಕೂಡ ಕಟ್ಲಿಲ್ಲ. ನಂಗೆ ಚೈನು ಕಂಡಿತ್ತು ಅವ್ವ. ಕಂಡೂ ಬಿಟ್ಟು ಹೋದೆ."

ಹುಲಿಯಮ್ಮ ಮೇಲಿನ ಫ್ಯಾನಿನಿಂದ ಕಣ್ಣು ಕೀಳದೆ ಕೇಳಿದಳು.

"ಯಾರಿಗೆಲ್ಲ ಹೇಳಿದೀಯ?"

"ಯಾರಿಗೂ ಇಲ್ಲ."

"ಹೇಳ್ಬೇಡ. ಅಮ್ಮನೇ ತಗೊಂಡ್ಳು ಅಂತ್ಲೇ ಇರ್ಲಿ."

"ನಿಂಗೆ ಅದ್ರಲ್ಲೆಲ್ಲ ನಂಬಿಕೆ ಇಲ್ವಲ್ಲ ಅವ್ವ."

"ಇಲ್ದಿದ್ರೆ ಇವತ್ತಿಂದ ಇಟ್ಕೋತೀನಿ," ಎಂದಳು. "ಅವ್ಳ ಮೇಲಾದ್ರೆ ಸಾಯೋವರೆಗೆ ಸಿಟ್ಟು ಮಾಡ್ಕೊಂಡು, ಬೈಕೊಂಡು ಇರ್ಬಹುದು. ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು ನಾನು ಯಾರ ಮನೇಲಿ ಊಟ ಮಾಡ್ಲಿ?"

ಆಸ್ಪತ್ರೆಯ ಹುಡುಗಿ ಗಂಜಿ ತಂದಿಟ್ಟು ಹೋದಳು. ಹುಲಿಯಮ್ಮ ಎದ್ದು ಕೂತು, ಅವನತ್ತ ಬಾಯಿ ತೆರೆದಳು. ಅವನು ಚಮಚವನ್ನು ತೀರ ತುಂಬಿಸಿ ಎತ್ತಿದ್ದ, ಗಂಜಿ ಅವಳ ಗಲ್ಲದ ಮೇಲೆ ಇಳಿಯಿತು. ಅವಳು ಎಡಗೈಯಿಂದ ಒರೆಸಿಕೊಂಡು ಮತ್ತೆ ಬಾಯಿ ತೆರೆದಳು.